ಮಾರ್ಮನ್ ಪಯೋನೀರ್ ಹೆಂಗಸಿನ ಬದುಕು: ಗಾಡಿ ಎಳೆದು ನೋಡಿದ್ದು, ಡೈರಿ ಓದಿ ನೋಡಿದ್ದು

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಜುಲೈ 24 ಬಂತಂದ್ರೆ ರಜಾ, ಪರೇಡು, ಪಟಾಕಿ, 1847ರಲ್ಲಿ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಮುಖಂಡ ಬ್ರಿಗಮ್ ಯಂಗ್ ಈ ಕಣಿವೆಗೆ ಬಂದಿಳಿದ ದಿನ ಅದು. ಆಗ ಹಿಂಗೆ ವಲಸೆ ಬಂದೋರನ್ನೇ ಪಯೋನೀರ್ ಅಂತಾರೆ. ಪಕ್ಕದ ಮನೆಯವ್ರ ಬಾಯಲ್ಲಿ ಅವ್ರ ಮುತ್ತಜ್ಜಿಯರ ಕಥೆ ಕೇಳಿ ಕೇಳಿ ಆ ಹೆಂಗಸ್ರು ನಿಜಕ್ಕೂ ಹೆಂಗೆ ಬದುಕಿದ್ರು ಅಂತ ತಿಳ್ಕೊಳ್ಳೋ ಹಠ ಹತ್ತಿತು ನಂಗೆ. ಒಂದು ವರ್ಷದಲ್ಲಿ ನಾಲ್ಕು ದಾರಿ ಟ್ರೈ ಮಾಡಿದ್ದೀನಿ, ಯಾವುದ್ರಲ್ಲಿ ಎಷ್ಟು ಸಿಕ್ತು ಅಂತ ಹೇಳ್ತೀನಿ.

ಎಮಿಗ್ರೇಶನ್ ಕ್ಯಾನಿಯನ್ ಬಾಯಲ್ಲಿರೋ ದಿಸ್ ಈಸ್ ದ ಪ್ಲೇಸ್ ಪಾರ್ಕ್, ಟಿಕೆಟ್ ಇದೆ, ಹಳೇ ಮನೆಗಳು, ಉದ್ದ ಲಂಗದ ಸಿಬ್ಬಂದಿ, ಪುಟ್ಟ ರೈಲು. ಮಕ್ಕಳಿದ್ರೆ ಹೋಗಿ. ಎಲ್ಲಾ ಗುಡಿಸಿ ಸಾರಿಸಿ ಇಟ್ಟಂಗಿದೆ, ನಂಗೇನೂ ತಾಗಲಿಲ್ಲ. ಮೇನ್ ಸ್ಟ್ರೀಟಿನ ಪಯೋನೀರ್ ಮೆಮೋರಿಯಲ್ ಮ್ಯೂಸಿಯಂ ಎಷ್ಟೋ ವಾಸಿ, ಫ್ರೀ ಬೇರೆ. ಆ ಪಯೋನೀರ್‌ಗಳ ವಂಶದ ಹೆಣ್ಮಕ್ಕಳು 1901ರಲ್ಲಿ ಕಟ್ಟಿದ ಸಂಘವೇ ನಡೆಸ್ತಿದೆ. ಮನೆಯವರ ತಲೆಕೂದಲಿಂದಾನೇ ಹೆಣೆದ ಹೂವಿನ ಹಾರಗಳಿವೆ ಅಲ್ಲಿ, ಗಾಜಿನ ಹಿಂದೆ, ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಆದ್ರೆ ನಿಜವಾದ ಪೈಪೋಟಿ ಇರೋದು ಉಳಿದ ಎರಡರ ಮಧ್ಯೆ, ಒಂದು ಕೈಗಾಡಿ ಎಳೆಯೋ ಮಾರ್ಟಿನ್ಸ್ ಕೋವ್, ಇನ್ನೊಂದು ಪ್ಯಾಟಿ ಸೆಷನ್ಸ್ ಅನ್ನೋ ಪಯೋನೀರ್ ಹೆಂಗಸಿನ ಡೈರಿ.

ವಯೋಮಿಂಗಿನ ಮಾರ್ಟಿನ್ಸ್ ಕೋವ್, ಇಲ್ಲಿಂದ ಐದು ಗಂಟೆ ಡ್ರೈವ್. ಎತ್ತು ಕೊಳ್ಳೋ ದುಡ್ಡಿಲ್ಲದ ಬಡವರು, ಹೆಚ್ಚಿನವ್ರು ಇಂಗ್ಲೆಂಡ್, ಸ್ಕ್ಯಾಂಡಿನೇವಿಯಾ ಕಡೆಯವ್ರು, 1856ರಿಂದ 1860ರ ತನಕ ಕೈಗಾಡಿ ಎಳ್ಕೊಂಡು ಯೂಟಾಗೆ ನಡೆದ್ರು, ಒಬ್ಬೊಬ್ಬರಿಗೆ ಲಗೇಜು ಬರೀ 17 ಪೌಂಡು, ಅಂದ್ರೆ ಎಂಟು ಕೆಜಿಗೂ ಕಮ್ಮಿ, ಹಾಸಿಗೆ ಬಟ್ಟೆ ಪಾತ್ರೆ ಎಲ್ಲಾ ಅದರಲ್ಲೇ. 1856ರಲ್ಲಿ ತಡವಾಗಿ ಹೊರಟ ವಿಲ್ಲಿ ಮತ್ತು ಮಾರ್ಟಿನ್ ಕಂಪನಿಗಳು, ಅಂದ್ರೆ ಒಟ್ಟಿಗೆ ನಡೆದ ಗುಂಪುಗಳು, ಅಕ್ಟೋಬರ್ ಹಿಮಕ್ಕೆ ಸಿಕ್ಕಿ 200ಕ್ಕೂ ಹೆಚ್ಚು ಜನ ಸತ್ರು. ಅಲ್ಲಿ ನಮಗೂ ಕೈಗಾಡಿ ಕೊಡ್ತಾರೆ. ನಾನು, ನಮ್ಮನೆಯವ್ರು, ಮಗಳು ಎಳೆದ್ವಿ. ಮರಳು ಬಂದ ಕಡೆ ಚಕ್ರ ಕಚ್ಕೊಂಡು ನಿಂತುಬಿಡ್ತು, ಗಾಳಿ ಕಣ್ಣಿಗೆ, ಅರ್ಧ ಗಂಟೆಗೆ ಅಂಗೈ ಉರಿ. ಪೇಶನ್ಸ್ ಲೋಡರ್ ಅನ್ನೋ ಹುಡುಗಿ ಈ ಮಾರ್ಟಿನ್ ಕಂಪನಿಯಲ್ಲಿದ್ಲು, ಅಪ್ಪ ದಾರಿಯಲ್ಲೇ ಹೋಗಿಬಿಟ್ಟ, ಒಂದು ದಿನ ಚಳಿಗೆ ಹೆಣ್ಮಕ್ಕಳು ಯಾರೂ ಏಳಲ್ಲ ಅಂದಾಗ ಅಮ್ಮ ಎದ್ದು ನಿಂತು ಡ್ಯಾನ್ಸ್ ಮಾಡಿದ್ಲಂತೆ, ಬಿದ್ಲು, ಅಯ್ಯೋ ಅಂತ ಮಕ್ಕಳೆಲ್ಲ ಎದ್ದು ಓಡಿಬಂದ್ರು, ನೀವು ಏಳ್ತೀರಿ ಅಂತ ಗೊತ್ತಿತ್ತು ಅಂತ ನಕ್ಕಳಂತೆ. ಕೋವ್‌ನಲ್ಲಿ ನಿಂತು ಇದನ್ನ ಮಗಳಿಗೆ ಹೇಳುವಾಗ ನಂಗೆ ಗಂಟಲು ಕಟ್ಟಿತು.

ಇಷ್ಟಾದ್ರೂ ಕೋವ್‌ಗೆ ನಾನು ಎರಡನೇ ಸ್ಥಾನವೇ ಕೊಡೋದು. 1869ರಲ್ಲಿ ರೈಲು ಬರೋ ತನಕ ಸುಮಾರು 70,000 ಜನ ಬಂದ್ರು, ಕೈಗಾಡಿಯವ್ರು ಅದರಲ್ಲಿ 3,000 ಅಷ್ಟೇ. ಮಿಕ್ಕ ಹೆಂಗಸ್ರಲ್ಲಿ ಹೆಚ್ಚಿನವ್ರು ಎತ್ತಿನ ಗಾಡಿ ಜೊತೆ ಬಂದೋರು. ಪೇಶನ್ಸ್ ಬರೆದದ್ದೂ ಎಷ್ಟೋ ವರ್ಷ ಆದ್ಮೇಲೆ, ನೆನಪಿಂದ.

ಪ್ಯಾಟಿ ಸೆಷನ್ಸ್ ಡೈರಿ ಅಂಥದ್ದಲ್ಲ, ಅವತ್ತಿಂದು ಅವತ್ತೇ. 1846 ಫೆಬ್ರವರಿಯಲ್ಲಿ ಇಲಿನಾಯ್ಸ್ ರಾಜ್ಯದ ನಾವೂ (Nauvoo) ಅನ್ನೋ ಊರು ಬಿಟ್ಟು ಹೊರಡುವಾಗ ಮಗಳು ಸಿಲ್ವಿಯಾ ಕೊಟ್ಟ ಪುಸ್ತಕ ಅದು. ಪ್ಯಾಟಿ ಸೂಲಗಿತ್ತಿ, 52ನೇ ವಯಸ್ಸಲ್ಲಿ ತಾನೇ ನಾಲ್ಕು ಎತ್ತಿನ ಗಾಡಿ ಹೊಡ್ಕೊಂಡು ಈ ಕಣಿವೆಗೆ ಬಂದಾಕೆ. ಮೊದಲ ವಾರ ಓದೋಕಾಗ್ಲಿಲ್ಲ, ಕಾಗುಣಿತ ಅವಳದ್ದೇ, ದಿನಕ್ಕೆ ಒಂದೆರಡು ಸಾಲು, ಎಷ್ಟು ಮೈಲಿ, ಮಳೆಯಾ ಬಿಸಿಲಾ, ಇಂಥವ್ರನ್ನ ಮಲಗಿಸ್ದೆ. ಯಾರಿಗೋ ಹುಷಾರಿಲ್ಲ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಮಲಗಿಸ್ದೆ ಅಂದ್ರೆ ಹೆರಿಗೆ ಮಾಡಿಸ್ದೆ ಅಂತ! ಅಲ್ಲಿಂದ ಪುಟ ಬಿಡೋಕಾಗ್ಲಿಲ್ಲ. ತಾನೇ ಹುಷಾರಿಲ್ಲದೆ ಮಲಗಿದ್ದವಳು ರಾತ್ರಿ ಕರೆ ಬಂದ್ರೆ ಎದ್ದು ಹೋಗೋದು, ಆಮೇಲೆ ಬಟ್ಟೆ ಒಗೆಯೋದು, ಎಲ್ಲಾ ಒಂದೇ ಉಸಿರಲ್ಲಿ. ಗಂಡ ಇನ್ನೊಬ್ಬಳನ್ನ ಕಟ್ಕೊಂಡಿದ್ದ, ಆ ಸಂಕಟ, ಅವನ ಬಿರುಮಾತು ಅದೂ ಇದೆ, ಗಾಡಿ ಎಳೆದು ಅದು ಗೊತ್ತಾಗಲ್ಲ ಯಾರಿಗೂ. ಒಟ್ಟು 3,977 ಹೆರಿಗೆ ಮಾಡಿಸಿದ್ಲು ಅಂತ ಹೇಳ್ತಾರೆ, 1892ರ ತನಕ ಬದುಕಿದ್ಲು, 97 ವರ್ಷ.

ಸೋ ನನ್ನ ಲೆಕ್ಕ, ಅಪ್ಪ ಅಮ್ಮ ಊರಿಂದ ಬಂದಿದ್ರೆ ಮ್ಯೂಸಿಯಂ, ದೊಡ್ಡ ಮಕ್ಕಳಿದ್ರೆ ಕೋವ್, ಒಬ್ಬರೇ ನಿಧಾನಕ್ಕೆ ಕೂತ್ಕೊಳ್ಳೋರಾದ್ರೆ ಡೈರಿ. ಎರಡೂ ಮಾಡೋದಾದ್ರೆ ಡೈರಿ ಮೊದಲು, ಆಮೇಲೆ ಗಾಡಿ, ನಾನು ಉಲ್ಟಾ ಮಾಡಿದ್ದು ಬೇಜಾರಿದೆ. ಈಗ 1850ಕ್ಕೆ ಬಂದಿದ್ದೀನಿ, ಪ್ಯಾಟಿ ಗಂಡ ತೀರ್ಕೊಂಡ, ಹೆರಿಗೆಗಳು ನಿಂತಿಲ್ಲ.