ಪ್ಲೇಸ್ಟೇಷನ್ 3: ಯಂತ್ರ ಅದೇ, ಚಿತ್ರ ಬೇರೆ

2006ರ ನವೆಂಬರ್‌ನಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಸೋನಿಯ ಪ್ಲೇಸ್ಟೇಷನ್ 3 ಎಂಬ ವಿಡಿಯೋ ಗೇಮ್ ಯಂತ್ರವನ್ನು ಅದರ ಆರಂಭದ ಆಟಗಳಿಂದಷ್ಟೇ ಅಳೆಯುವುದು ನ್ಯಾಯವಲ್ಲ. ನಾಟಿ ಡಾಗ್ ಸ್ಟುಡಿಯೋ 2007ರಲ್ಲಿ ತಂದ ‘ಅನ್‌ಚಾರ್ಟೆಡ್’ ಮೊದಲ ಭಾಗವನ್ನೂ 2013ರಲ್ಲಿ ತಂದ ‘ದ ಲಾಸ್ಟ್ ಆಫ್ ಅಸ್’ ಆಟವನ್ನೂ ಒಂದೇ ಟಿವಿಯಲ್ಲಿ ಒಂದರ ಹಿಂದೊಂದು ಆಡಿದರೆ ಇದು ಮನವರಿಕೆಯಾಗುತ್ತದೆ. ಮೊದಲನೆಯದರಲ್ಲಿ ಕ್ಯಾಮೆರಾ ವೇಗವಾಗಿ ತಿರುಗಿದಾಗ ಚಿತ್ರ ಅಡ್ಡಲಾಗಿ ಸೀಳಿದಂತೆ ಕಾಣುತ್ತದೆ. ಎರಡನೆಯದರಲ್ಲಿ ಕತ್ತಲೆ ಕೋಣೆಯ ಗೋಡೆಗೆ ಟಾರ್ಚ್ ಬಿಟ್ಟರೆ ಆ ಬೆಳಕು ಪುಟಿದು ಸುತ್ತಲಿನ ವಸ್ತುಗಳನ್ನೂ ತುಸು ಬೆಳಗುತ್ತದೆ. ಎರಡೂ 720ಪಿ, ಅಂದರೆ 720 ಅಡ್ಡಸಾಲುಗಳ ಚಿತ್ರಗಳೇ, ಮತ್ತು ಈ ಆರು ವರ್ಷಗಳಲ್ಲಿ ಯಂತ್ರದ ಶಕ್ತಿ ಎಳ್ಳಷ್ಟೂ ಹೆಚ್ಚಿಲ್ಲ.

ಹೆಚ್ಚಿದ್ದು ಅದನ್ನು ದುಡಿಸಿಕೊಳ್ಳುವ ಜಾಣ್ಮೆ. ಇದರ ‘ಸೆಲ್’ ಪ್ರೊಸೆಸರ್‌ನಲ್ಲಿ ಒಂದು ಮುಖ್ಯ ಘಟಕದ ಜೊತೆಗೆ ಆಟಗಳ ಬಳಕೆಗೆಂದು ಆರು ಸಹಾಯಕ ಘಟಕಗಳಿದ್ದರೂ, ಪ್ರತಿಯೊಂದರ ಸ್ವಂತ ಮೆಮೊರಿ ಬರೀ 256 ಕೆಬಿ. ಅಡುಗೆಗೆ ಆರು ಮಂದಿ ಚುರುಕಾದ ಭಟ್ಟರಿದ್ದು, ಪ್ರತಿಯೊಬ್ಬರ ಮುಂದೆ ಅಂಗೈಯಗಲದ ಮಣೆ ಮಾತ್ರ ಇದ್ದಂತೆ: ಯಾವ ತರಕಾರಿ ಯಾವಾಗ ಯಾರ ಮುಂದೆ ಬರಬೇಕೆಂಬುದನ್ನು ಪ್ರೋಗ್ರಾಮರ್‌ನೇ ಮೊದಲೇ ಗೊತ್ತುಮಾಡಬೇಕು. ಆರಂಭದಲ್ಲಿ ಈ ಕೌಶಲ ಕೈಗೂಡದೆ ಘಟಕಗಳು ಬಹುಪಾಲು ಸುಮ್ಮನಿದ್ದವು, ಹೊರೆಯೆಲ್ಲ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಬಿತ್ತು. ಕ್ರಮೇಣ ಆ ಹೊರೆ ಹಂಚಿಕೆಯಾಯಿತು. 2010ರ ‘ಗಾಡ್ ಆಫ್ ವಾರ್ 3’ರಲ್ಲಿ ವಸ್ತುಗಳ ಅಂಚಿನಲ್ಲಿ ಗರಗಸದ ಹಲ್ಲಿನಂತೆ ಕಾಣುವ ಒರಟನ್ನು ನಯಗೊಳಿಸುವ ಕೆಲಸವನ್ನು ಈ ಘಟಕಗಳಿಗೇ ವಹಿಸಿದ್ದರಿಂದ ಚಿತ್ರವೂ ಸುಧಾರಿಸಿತು, ಗ್ರಾಫಿಕ್ಸ್ ಚಿಪ್ಪಿಗೂ ಬಿಡುವು ಸಿಕ್ಕಿತು.

ಎಲ್ಲವೂ ಲೆಕ್ಕಾಚಾರದ ವೇಗವೇ ಅಲ್ಲ. ‘ದ ಲಾಸ್ಟ್ ಆಫ್ ಅಸ್’ನ ಪರಿಸರದ ಬೆಳಕಿನಲ್ಲಿ ದೊಡ್ಡ ಪಾಲು ಸ್ಟುಡಿಯೋದಲ್ಲೇ ಮುಂಚಿತವಾಗಿ ಲೆಕ್ಕಹಾಕಿ ಡಿಸ್ಕಿಗೆ ತುಂಬಿದ್ದು, ಆಟ ನಡೆಯುವಾಗ ಪಾತ್ರಗಳ ದೇಹವನ್ನು ಕೆಲವೇ ಸರಳ ಗುಂಡು ಆಕಾರಗಳೆಂದು ಭಾವಿಸಿ, ಅವುಗಳ ಮೃದುವಾದ ನೆರಳನ್ನಷ್ಟೇ ಸಹಾಯಕ ಘಟಕಗಳು ಲೆಕ್ಕಹಾಕುತ್ತವೆ. ಎಲ್ಲಿ ಮೋಸ ಮಾಡಿದರೆ ಕಣ್ಣು ಹಿಡಿಯುವುದಿಲ್ಲ ಎಂಬುದನ್ನು ಅರಿಯುವುದಕ್ಕೂ ವರ್ಷಗಳು ಬೇಕು, ಮತ್ತು ಆ ಅರಿವು ಯಂತ್ರ ಬದಲಾಗದೆ ನಿಂತಾಗಲೇ ಹದಕ್ಕೆ ಬರುತ್ತದೆ. ಪಿಸಿ ಆಟ ಬರೆಯುವವರಿಗೆ ಎಲ್ಲರ ಮನೆಯಲ್ಲೂ ಒಂದೇ ಗ್ರಾಫಿಕ್ಸ್ ಕಾರ್ಡ್ ಇರುತ್ತದೆಂಬ ಭರವಸೆ ಎಲ್ಲಿದೆ?

ಆದರೆ ಈ ಹೊಗಳಿಕೆ ಸ್ಟುಡಿಯೋಗಳಿಗೆ ಸಲ್ಲಬೇಕೇ ಹೊರತು ಪೂರ್ತಿಯಾಗಿ ಯಂತ್ರಕ್ಕಲ್ಲ. ಮೆಮೊರಿಯನ್ನು 256 ಎಂಬಿಯ ಎರಡು ಪಾಲಾಗಿ ಒಡೆದಿಟ್ಟದ್ದು ಇದರ ದೊಡ್ಡ ದೋಷ. ಇದರ ಪ್ರತಿಸ್ಪರ್ಧಿಯಾದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ರಲ್ಲಿ 512 ಎಂಬಿ ಒಟ್ಟಿಗೇ ಇತ್ತು. ಎರಡೂ ಯಂತ್ರಗಳಿಗೆ ಬಂದ ಕೆಲವು ಆಟಗಳು ಪ್ಲೇಸ್ಟೇಷನ್ 3ರಲ್ಲಿ ಸೊರಗಿದವು: ‘ಬಯೊನೆಟ್ಟಾ’ ಕುಂಟುತ್ತದೆ, 2011ರ ‘ಸ್ಕೈರಿಮ್’ ಆಟದ ಪ್ರಗತಿಯನ್ನು ಉಳಿಸಿಡುವ ಸೇವ್ ಫೈಲ್ ಬೆಳೆದಂತೆ ತೆವಳತೊಡಗುತ್ತದೆ. ‘ದ ಲಾಸ್ಟ್ ಆಫ್ ಅಸ್’ ಕೂಡ ಸೆಕೆಂಡಿಗೆ 30 ಚಿತ್ರಗಳನ್ನು (ಫ್ರೇಮ್) ತೋರಿಸುವ ಗುರಿಯನ್ನು ಕೆಲವೆಡೆ ತಪ್ಪುತ್ತದೆ.

ಈಗ ಸೆಕೆಂಡ್ ಹ್ಯಾಂಡ್ ಕೊಳ್ಳುವವರು 2009ರ ಸ್ಲಿಮ್ ಅಥವಾ ಅದರ ನಂತರದ ಮಾದರಿಯನ್ನೇ ಆರಿಸುವುದು ಲೇಸು, ಏಕೆಂದರೆ ಮೊದಲ ದಪ್ಪ ಮಾದರಿಗಳು ಬಿಸಿಯಾಗಿ ಕೆಡುವುದಕ್ಕೆ ಹೆಸರಾದವು. ಸ್ಲಿಮ್‌ನಲ್ಲಿ ಪ್ಲೇಸ್ಟೇಷನ್ 2ರ ಡಿಸ್ಕ್‌ಗಳು ಓಡುವುದಿಲ್ಲ. ಆಟಗಳನ್ನು ಆರಿಸುವಾಗ, ಈ ಯಂತ್ರಕ್ಕೆಂದೇ 2009ರ ಬಳಿಕ ಬಂದವನ್ನು ಮೊದಲು ನೋಡಿರಿ.