ರಾಂಪತ್ರೆ ಜಡ್ಡಿಯನ್ನು ಹುಡುಕುತ್ತಾ: ಒಂದೇ ಪ್ರಶ್ನೆ, ಐದು ಜಾಲಗಳು

ನಮ್ಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಒಂದು ಪುಟ ಬಹಳ ಕಾಲ ಖಾಲಿ ಉಳಿದಿತ್ತು. ಜೌಗು ಕಾಡುಗಳ ಬಗ್ಗೆ ಬರೆಯಬೇಕಾದ ಪುಟ ಅದು. ಊರಿನ ಹಿರಿಯರೆಲ್ಲ ‘ರಾಂಪತ್ರೆ ಜಡ್ಡಿ ಇತ್ತು’ ಎನ್ನುತ್ತಾರೆ. ಎಲ್ಲಿತ್ತು, ಎಷ್ಟಿತ್ತು, ಯಾರಾದರೂ ನೋಡಿ ಬರೆದಿಟ್ಟಿದ್ದಾರೆಯೇ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಉತ್ತರ ಕನ್ನಡದವರಿಗೆ ಜಡ್ಡಿಯ ಪರಿಚಯ ಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಿತ್ಯಹರಿದ್ವರ್ಣ ಕಾಡಿನೊಳಗೆ, ಹಳ್ಳದ ಇಕ್ಕೆಲಗಳಲ್ಲಿ, ವರ್ಷವಿಡೀ ನೀರು ನಿಲ್ಲುವ ಕೆಸರು ನೆಲವಿದು. ಜಾಯಿಕಾಯಿಯ ಕುಟುಂಬಕ್ಕೆ ಸೇರಿದ, ರಾಂಪತ್ರೆಯಂತಹ ಮರಗಳು ಇಲ್ಲಿ ಬೆಳೆಯುತ್ತವೆ. ಕೆಸರಿನಲ್ಲಿ ಉಸಿರಾಡಲು ಅವು ಬೇರನ್ನು ಮಡಿಸಿದ ಮೊಣಕಾಲಿನಂತೆ ಮೇಲೆತ್ತುತ್ತವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಗೇರಿನ ಕುಟುಂಬದ ಒಂದು ಹೊಸ ಮರ ಸಿಕ್ಕಿತು. 2000ನೇ ಇಸವಿಯಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಅಷ್ಟು ದೊಡ್ಡ ಮರವೊಂದು ಇಪ್ಪತ್ತನೆಯ ಶತಮಾನ ಮುಗಿಯುವವರೆಗೆ ವಿಜ್ಞಾನದ ಪಟ್ಟಿಗೆ ಬಂದಿರಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ಆ ಖಾಲಿ ಪುಟ ನನ್ನನ್ನು ಚುಚ್ಚುತ್ತದೆ.

ನಾನು ಮಲೆನಾಡಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದವನು. ಸಸ್ಯಶಾಸ್ತ್ರ ಓದಿದವನಲ್ಲ. ಯಾವ ಮಾಹಿತಿ ಯಾರ ಬಳಿ ಇರಬಹುದು ಎಂದು ಊಹಿಸಿ ಹುಡುಕುವುದು ನನಗೆ ತಿಳಿದ ಕೆಲಸ. ಆದ್ದರಿಂದ ಮೂರು ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡೆ. ಈ ಮರಗಳು ನಮ್ಮ ಭಾಗದಲ್ಲಿ ಎಲ್ಲೆಲ್ಲಿ ದಾಖಲಾಗಿವೆ? ಹಿಂದೆ ಯಾರು ಏನು ಬರೆದಿದ್ದಾರೆ? ಈಗ ಏನು ಉಳಿದಿದೆ? ಇದೇ ಮೂರನ್ನು ಪರಿಸರ ಮಾಹಿತಿಯ ಅಂತರರಾಷ್ಟ್ರೀಯ ಜಾಲಗಳ ಮುಂದೆ ಒಂದೊಂದಾಗಿ ಇಟ್ಟೆ. ಹೋಲಿಕೆಗೆ ನನ್ನ ಬಳಿ ಹಳೆಯದೊಂದು ಅಳತೆಗೋಲೂ ಇತ್ತು. ತೊಂಬತ್ತರ ದಶಕದಲ್ಲಿ ಇಂಥದೇ ಪ್ರಶ್ನೆಯನ್ನು ನಾನು ಅಂಚೆಯಲ್ಲಿ ಕಳುಹಿಸಿದ್ದೆ.

ಅಂದು ಪ್ರಶ್ನೆ ಹೋದದ್ದು ಇನ್ಫೋಟೆರಾ ಎಂಬ ವ್ಯವಸ್ಥೆಗೆ. ಇಂದಿನ ವಿದ್ಯಾರ್ಥಿಗಳಿಗೆ ಈ ಹೆಸರೇ ಗೊತ್ತಿಲ್ಲ. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದ ಶಿಫಾರಸಿನಿಂದ ಹುಟ್ಟಿದ ಜಾಲವಿದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ನೈರೋಬಿಯಿಂದ ಇದನ್ನು ನಡೆಸುತ್ತಿತ್ತು. ಪ್ರತಿ ದೇಶದಲ್ಲಿ ಒಂದು ರಾಷ್ಟ್ರೀಯ ಕೇಂದ್ರ, ಆ ಕೇಂದ್ರದ ಬಳಿ ತನ್ನ ದೇಶದ ತಜ್ಞ ಸಂಸ್ಥೆಗಳ ಪಟ್ಟಿ, ಎಲ್ಲ ಪಟ್ಟಿಗಳೂ ಸೇರಿ ಒಂದು ಜಾಗತಿಕ ಸೂಚಿ. ತೊಂಬತ್ತರ ದಶಕದಲ್ಲಿ 170ಕ್ಕೂ ಹೆಚ್ಚು ದೇಶಗಳು ಇದರಲ್ಲಿದ್ದವು. ಭಾರತದಲ್ಲಿ ಆ ಹೊಣೆ ಎನ್ವಿಸ್ ಮೇಲಿತ್ತು. 1982ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಈ ಪರಿಸರ ಮಾಹಿತಿ ವ್ಯವಸ್ಥೆ ದಕ್ಷಿಣ ಏಷ್ಯಾದ ಸೇವಾ ಕೇಂದ್ರವೂ ಆಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಪಶ್ಚಿಮ ಘಟ್ಟಕ್ಕೆಂದೇ ಎನ್ವಿಸ್‌ನ ಒಂದು ಶಾಖೆ ಕೆಲಸ ಮಾಡಿತು.

ಇನ್ಫೋಟೆರಾದ ಮೂಲ ತತ್ವ ನನಗೆ ಇಂದಿಗೂ ಇಷ್ಟ. ಅದು ಮಾಹಿತಿಯನ್ನು ಕೂಡಿಡುತ್ತಿರಲಿಲ್ಲ, ಮಾಹಿತಿ ಇದ್ದವರ ಮನೆಯ ದಾರಿ ತೋರಿಸುತ್ತಿತ್ತು. ನನಗೆ ಬಂದ ಉತ್ತರದಲ್ಲಿ ಜಡ್ಡಿಯ ಬಗ್ಗೆ ಒಂದು ಸಾಲೂ ಇರಲಿಲ್ಲ, ಕೆಲವು ವಿಳಾಸಗಳಿದ್ದವು. ಬಹಳ ನಿರಾಸೆಯಾಯಿತು. ಆದರೂ ಎಲ್ಲ ವಿಳಾಸಗಳಿಗೂ ಕಾಗದ ಬರೆದೆ. ಒಂದು ಕಾಗದ ಹಾಗೆಯೇ ಹಿಂದಿರುಗಿತು, ಆ ಸಂಸ್ಥೆ ಊರು ಬದಲಿಸಿತ್ತು. ಇನ್ನೊಂದಕ್ಕೆ ಒಬ್ಬ ಸಂಶೋಧಕರು ನಾಲ್ಕು ಪುಟ ಉತ್ತರ ಬರೆದರು. ಜೊತೆಗೆ ಹಳ್ಳದ ಹರಿವಿನ ಕೈಚಿತ್ರವೊಂದನ್ನು ಲಗತ್ತಿಸಿ, ‘ನೀವು ಜಡ್ಡಿ ಎಂದು ಕೇಳಿದ್ದನ್ನು ಅರಣ್ಯ ವರ್ಗೀಕರಣದಲ್ಲಿ ಮಿರಿಸ್ಟಿಕಾ ಜೌಗು ಕಾಡು ಎಂದು ಹುಡುಕಬೇಕು’ ಎಂದು ತಿದ್ದಿದರು. ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಮಾಡಿದ ಭಾರತದ ಕಾಡುಗಳ ವರ್ಗೀಕರಣದಲ್ಲಿ ಅದಕ್ಕೆ 4ಸಿ/ಎಫ್‌ಎಸ್1 ಎಂಬ ಸಂಕೇತವಿದೆ. ಆ ಒಂದು ಸಂಕೇತದಿಂದ ನನ್ನ ಮುಂದಿನ ಎಲ್ಲ ಹುಡುಕಾಟವೂ ಹಗುರವಾಯಿತು. ನಾನು ತಪ್ಪು ಪದದಲ್ಲಿ ಕೇಳಿದ್ದರೂ ಓದಿದ ಮನುಷ್ಯನಿಗೆ ನನ್ನ ಉದ್ದೇಶ ಅರ್ಥವಾಗಿತ್ತು.

2000ದ ಸೆಪ್ಟೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ ಇನ್ಫೋಟೆರಾದ ದೊಡ್ಡ ಸಮ್ಮೇಳನ ನಡೆಯಿತು. ಬಳಿಕ ಅಂತರ್ಜಾಲದ ಭರಾಟೆಯಲ್ಲಿ ಆ ಹೆಸರು ಮಸುಕಾಯಿತು. ಅದರ ಜಾಗಕ್ಕೆ ಬಂದವುಗಳಲ್ಲಿ ನನ್ನ ಮೂರು ಪ್ರಶ್ನೆಗಳಿಗೆ ಹತ್ತಿರವಾದ ನಾಲ್ಕನ್ನು ಈ ಮಳೆಗಾಲದಲ್ಲಿ ಕುಳಿತು ಪರೀಕ್ಷಿಸಿದೆ.

ಮೊದಲನೆಯದು ಜಿಬಿಫ್, ಅಂದರೆ ಗ್ಲೋಬಲ್ ಬಯೋಡೈವರ್ಸಿಟಿ ಇನ್ಫರ್ಮೇಷನ್ ಫೆಸಿಲಿಟಿ. 2001ರಲ್ಲಿ ಆರಂಭವಾದ ಇದರ ಕಾರ್ಯಾಲಯ ಕೋಪನ್‌ಹೇಗನ್‌ನಲ್ಲಿದೆ. ಯಾವ ಜೀವಿ, ಯಾವ ದಿನ, ಯಾವ ಸ್ಥಳದಲ್ಲಿ ಕಂಡಿತು ಎಂಬ ದಾಖಲೆಗಳನ್ನು ಜಗತ್ತಿನ ವಸ್ತುಸಂಗ್ರಹಾಲಯಗಳು, ಸಸ್ಯಸಂಗ್ರಹಾಲಯಗಳು ಮತ್ತು ನಾಗರಿಕ ವಿಜ್ಞಾನ ಯೋಜನೆಗಳು ಒಂದೇ ನಮೂನೆಯಲ್ಲಿ ಇಲ್ಲಿಗೆ ಒಪ್ಪಿಸುತ್ತವೆ. 2018ರಲ್ಲೇ ಇದು ನೂರು ಕೋಟಿ ದಾಖಲೆಗಳನ್ನು ದಾಟಿತ್ತು.

ಇದರ ಮೊದಲ ಗುಣ ಹೆಸರಿನ ಜಾಣ್ಮೆ. ನಮ್ಮ ಜಡ್ಡಿಯ ದೊಡ್ಡ ಮರವನ್ನು ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರಜ್ಞ ಬೆಡ್ಡೋಮ್ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂದು ಕರೆದ. ಮುಂದೆ ಕೆಲವರು ಅದನ್ನು ಮಿರಿಸ್ಟಿಕಾ ಫ್ಯಾಟುವಾದ ಒಂದು ಉಪವಿಧ ಎಂದರು. ಜಿಬಿಫ್‌ನ ಹೆಸರುಗಳ ಮೂಲಪಟ್ಟಿ ಇಂತಹ ಪರ್ಯಾಯ ಹೆಸರುಗಳನ್ನು ಒಂದಕ್ಕೊಂದು ಗಂಟುಹಾಕುತ್ತದೆ. ಇನ್ನೊಂದು ಗುಣ, ಇಳಿಸಿಕೊಂಡ ಪ್ರತಿ ಕಡತಕ್ಕೂ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ. ನಾಳೆ ಯಾರಾದರೂ ನಮ್ಮ ದಾಖಲಾತಿಯನ್ನು ಪ್ರಶ್ನಿಸಿದರೆ ಅದೇ ಕಡತವನ್ನು ಅವರೆದುರು ತೆರೆದು ತೋರಿಸಬಹುದು. ಗ್ರಂಥಪಾಲಕನಿಗೆ ಇದಕ್ಕಿಂತ ಹೆಚ್ಚು ನೆಮ್ಮದಿ ಕೊಡುವ ಸಂಗತಿ ಬೇರಿಲ್ಲ.

ಆದರೆ ಭೂಪಟವನ್ನು ನೋಡಿ ಮೋಸಹೋಗಬಾರದು. ಪರದೆಯ ಮೇಲೆ ಜಿಲ್ಲೆಯ ಸುತ್ತ ಗೆರೆ ಎಳೆದು ಹುಡುಕಿದರೆ ಅಕ್ಷಾಂಶ ರೇಖಾಂಶ ಇರುವ ದಾಖಲೆಗಳು ಮಾತ್ರ ಬರುತ್ತವೆ. ನೂರು ವರ್ಷದ ಹಿಂದೆ ಎಲೆಯನ್ನು ಒಣಗಿಸಿ ಹಾಳೆಗೆ ಅಂಟಿಸಿದವರು ಅದರ ಮೂಲೆಯಲ್ಲಿ ‘ಉತ್ತರ ಕೆನರಾ’ ಎಂದಷ್ಟೇ ಬರೆದಿರುತ್ತಾರೆ. ಅಂತಹ ಹಾಳೆ ಜಾಲದಲ್ಲಿದ್ದರೂ ಭೂಪಟದಲ್ಲಿ ಕಾಣುವುದಿಲ್ಲ. ಜೊತೆಗೆ ನಮ್ಮ ಜಿಲ್ಲೆಯ ಆಡಳಿತದ ಇತಿಹಾಸವೂ ಅಡ್ಡ ಬರುತ್ತದೆ. 1862ರವರೆಗೆ ಮದ್ರಾಸು ಪ್ರಾಂತ್ಯ, ಆಮೇಲೆ ಮುಂಬಯಿ, 1956ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ರಾಜ್ಯದ ಕಲಂನಲ್ಲಿ ಕರ್ನಾಟಕ ಎಂದು ಮಾತ್ರ ಹುಡುಕುವವನಿಗೆ ಒಂದು ಶತಮಾನವೇ ಕೈತಪ್ಪುತ್ತದೆ. ನಾನು ಗೆರೆ ಎಳೆಯುವುದನ್ನು ಬಿಟ್ಟು ಮರದ ಹೆಸರಿನಿಂದ ದೇಶದ ಎಲ್ಲ ದಾಖಲೆಗಳನ್ನು ಇಳಿಸಿಕೊಂಡು, ಸ್ಥಳದ ಕಲಂ ಅನ್ನು ಒಂದೊಂದೇ ಸಾಲಿನಂತೆ ಓದಿದೆ. ಎರಡು ಸಂಜೆ ಹಿಡಿಯಿತು. ನಮ್ಮ ಪುಟಕ್ಕೆ ಬೇಕಾದ ಹಳೆಯ ಸುಳಿವುಗಳು ಸಿಕ್ಕಿದ್ದು ಆ ಓದಿನಲ್ಲೇ.

ಇನ್ನೊಂದು ಮಾತು. ಜಿಬಿಫ್‌ನ ದಾಖಲೆಗಳಲ್ಲಿ ಸಿಂಹಪಾಲು ಪಕ್ಷಿಗಳದ್ದು. ಇ-ಬರ್ಡ್ ಬಳಸುವ ಪಕ್ಷಿವೀಕ್ಷಕರ ಶ್ರಮ ಅದು. ಮರ, ಜೌಗು, ಕೆಸರಿನ ಕಪ್ಪೆಗಳ ಪಾಲು ಬಹಳ ಕಡಿಮೆ. ಆದ್ದರಿಂದ ಖಾಲಿ ಭೂಪಟ ಎಂದರೆ ಅಲ್ಲಿ ಜಡ್ಡಿ ಇಲ್ಲ ಎಂದರ್ಥವಲ್ಲ, ಯಾರೂ ಅಲ್ಲಿಗೆ ನಡೆದು ಹೋಗಿಲ್ಲ ಎಂದೂ ಇರಬಹುದು.

ಐನ್ಯಾಚುರಲಿಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅನೇಕರು ಅದನ್ನು ಮೊಬೈಲಿನಲ್ಲಿ ಬಳಸುತ್ತಲೇ ಇದ್ದಾರೆ. 2008ರಲ್ಲಿ ಶುರುವಾದ ಈ ಜಾಲದಲ್ಲಿ ಚಿತ್ರ ಹಾಕಿದರೆ ಗುರುತಿಸುವವರು ಸಿಗುತ್ತಾರೆ. ಗುರುತು ಗಟ್ಟಿಯಾದ, ಮುಕ್ತ ಪರವಾನಗಿಯ ದಾಖಲೆಗಳು ಅಲ್ಲಿಂದ ಜಿಬಿಫ್‌ಗೂ ಹೋಗುತ್ತವೆ. ಮೂರನೆಯ ಪ್ರಶ್ನೆಗೆ, ಅಂದರೆ ಈಗ ಏನು ಉಳಿದಿದೆ ಎಂಬುದಕ್ಕೆ, ಜೀವಂತ ಉತ್ತರ ಕೊಡಬಲ್ಲದ್ದು ಇದೊಂದೇ. ಆದರೆ ಅಳಿವಿನಂಚಿನ ಜೀವಿಗಳ ನಿಖರ ಸ್ಥಳವನ್ನು ಅದು ಬೇಕೆಂದೇ ಮರೆಮಾಡುತ್ತದೆ. ಚುಕ್ಕೆಯನ್ನು 0.2 ಡಿಗ್ರಿ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಇಡುತ್ತದೆ. ನಮ್ಮ ಅಕ್ಷಾಂಶದಲ್ಲಿ ಅದು ಹತ್ತಿರ ಹತ್ತಿರ 22 ಕಿಲೋಮೀಟರ್. ಕಳ್ಳರಿಂದ ಮರವನ್ನು ಕಾಯಲು ಇದು ಸರಿ, ನಾನು ಒಪ್ಪುತ್ತೇನೆ. ಪಂಚಾಯಿತಿಯ ಗಡಿಯೊಳಗೆ ಯಾವ ಹಳ್ಳ ಎಂದು ಕೇಳುವವನಿಗೆ ಮಾತ್ರ ಅದರಿಂದ ಉಪಯೋಗವಿಲ್ಲ. ಕೇವಲ ಮೊಣಕಾಲು ಬೇರಿನ ಚಿತ್ರ ಹಾಕಿದರೆ ಜಾತಿ ಗುರುತಿಸುವುದೂ ಕಷ್ಟ. ಎಲೆ, ಕಾಯಿ, ಕಾಯಿಯೊಳಗೆ ಬೀಜವನ್ನು ಸುತ್ತಿದ ಪತ್ರೆ ಇವೆಲ್ಲ ಇರಬೇಕು.

ಎರಡನೆಯ ಪ್ರಶ್ನೆಗೆ ನನ್ನ ಮನಸ್ಸು ಗೆದ್ದದ್ದು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ. ಹಲವು ದೇಶಗಳ ಗ್ರಂಥಾಲಯಗಳು 2006ರಿಂದ ಸೇರಿ ಕಟ್ಟಿದ ಈ ಭಂಡಾರದಲ್ಲಿ ಆರು ಕೋಟಿಗೂ ಹೆಚ್ಚು ಪುಟಗಳಿವೆ. ಪ್ರತಿ ಪುಟದಲ್ಲಿ ಬರುವ ವೈಜ್ಞಾನಿಕ ಹೆಸರುಗಳನ್ನು ಯಂತ್ರವೇ ಓದಿ ಸೂಚಿ ಮಾಡಿದೆ. ಮರದ ಹೆಸರು ಕೊಟ್ಟರೆ ಅದು ಬಂದಿರುವ ಪುಟಗಳು ಸಾಲಾಗಿ ನಿಲ್ಲುತ್ತವೆ. ಯಾವ ಕಾಲೇಜಿನ ಗ್ರಂಥಾಲಯವೂ ಕೊಂಡು ಇಡಲಾಗದ ಹತ್ತೊಂಬತ್ತನೆಯ ಶತಮಾನದ ಸಂಪುಟಗಳನ್ನು ಹಣ ಕೊಡದೆ, ಅನುಮತಿ ಬೇಡದೆ ನನ್ನ ಮನೆಯ ಜಗುಲಿಯಲ್ಲಿ ಕುಳಿತು ಓದಿದೆ. ಮರಗಳಿಗೆ ಲ್ಯಾಟಿನ್ ಹೆಸರಿಟ್ಟವರು ನಮ್ಮ ಕರಾವಳಿಯನ್ನೇ ಒಂದು ಹೆಸರಿನೊಳಗೆ ಸೇರಿಸಿದ್ದರು. ಜಡ್ಡಿಯ ಇನ್ನೊಂದು ಮರ ಜಿಮ್ನಾಕ್ರಾಂತೆರಾ ಕೆನರಿಕಾ. ಕೆನರಾದ ಮರ ಎಂದೇ ಅದರ ಅರ್ಥ.

ಇಲ್ಲಿ ಒಂದು ಎಚ್ಚರ ಬೇಕು. ಜಿಬಿಫ್‌ನಂತೆ ಇದು ಪರ್ಯಾಯ ಹೆಸರುಗಳನ್ನು ತಾನಾಗಿ ಒಂದುಗೂಡಿಸುವುದಿಲ್ಲ, ಪ್ರತಿ ಹಳೆಯ ಹೆಸರನ್ನೂ ಬೇರೆ ಬೇರೆಯಾಗಿ ಹುಡುಕಬೇಕು. ಹಕ್ಕುಸ್ವಾಮ್ಯ ಇನ್ನೂ ಉಳಿದಿರುವ ಬರಹಗಳೂ ಬಹುಪಾಲು ಇಲ್ಲಿರುವುದಿಲ್ಲ. ತಿರುವಾಂಕೂರಿನ ಇಂತಹ ಜೌಗುಗಳನ್ನು ಕೃಷ್ಣಮೂರ್ತಿ ಎಂಬುವವರು ವಿವರಿಸಿದ್ದು 1960ರಲ್ಲಿ. ಕತ್ತಲೆಕಾನಿನ ಗೇರಿನ ವಿವರಣೆ 2000ದ್ದು. ಉತ್ತರ ಕನ್ನಡದ ಜಡ್ಡಿಗಳ ಮತ್ತು ಕಾನುಗಳ ಬಗ್ಗೆ ಎಂ. ಡಿ. ಸುಭಾಶ್ಚಂದ್ರನ್ ಮತ್ತು ಅವರ ಸಂಗಡಿಗರು ದಶಕಗಟ್ಟಲೆ ನಡೆಸಿದ ಅಧ್ಯಯನಗಳು ಅದೇ ಕಾಲದವು. ನಮಗೆ ಅತಿ ಮುಖ್ಯವಾದ ಕೆಲಸವೆಲ್ಲ ನಡೆದದ್ದು ಈ ಭಂಡಾರ ಮಬ್ಬಾಗುವ ಕಾಲದಲ್ಲೇ. ಅವನ್ನು ಪತ್ತೆಹಚ್ಚಲು ನಾನು ಮತ್ತೆ ಹಳೆಯ ದಾರಿಯನ್ನೇ ಹಿಡಿದೆ. ಗೊತ್ತಿದ್ದವರಿಗೆ ಫೋನ್ ಮಾಡಿದೆ, ಅವರು ಇನ್ನೊಬ್ಬರ ಹೆಸರು ಹೇಳಿದರು.

ಕೊನೆಯದಾಗಿ ಗ್ಲೋಬಲ್ ಫಾರೆಸ್ಟ್ ವಾಚ್. ಉಪಗ್ರಹ ಚಿತ್ರಗಳಿಂದ ಕಾಡಿನ ನಷ್ಟವನ್ನು ತೋರಿಸುವ, ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ನಡೆಸುವ ಜಾಲ. ಇದರ ಬಗ್ಗೆ ಬಹಳ ನಿರೀಕ್ಷೆ ಇಟ್ಟುಕೊಂಡಿದ್ದೆ. ನಮ್ಮ ಊರಿನ ಮೇಲೆ ನಿಲ್ಲಿಸಿದರೆ ಎಲ್ಲ ಕಡೆ ಹಸಿರೇ ಹಸಿರು! ಕಾರಣ ಹುಡುಕುತ್ತಾ ಹೋದಾಗ ಮನಸ್ಸು ಭಾರವಾಯಿತು. ಅದರ ಲೆಕ್ಕದಲ್ಲಿ ಐದು ಮೀಟರ್‌ಗಿಂತ ಎತ್ತರದ ಗಿಡಮರಗಳ ಹೊದಿಕೆಯೆಲ್ಲ ಮರದ ಹೊದಿಕೆಯೇ. ಅಡಿಕೆ ತೋಟವೂ ಅದರಲ್ಲಿ ಸೇರಬಹುದು. ಜಡ್ಡಿಗಳು ಅಳಿದದ್ದು ಹೆಚ್ಚಾಗಿ ಗದ್ದೆ ಮತ್ತು ತೋಟಗಳಾಗಿ. ಎಂದೂ ಬತ್ತದ ನೀರು, ಕೊಳೆತ ಎಲೆಯ ಕಪ್ಪು ಮಣ್ಣು, ಅಡಿಕೆಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ನಷ್ಟದ ಲೆಕ್ಕ ಆರಂಭವಾಗುವುದೂ 2001ರಿಂದ, ನಮ್ಮ ಜಡ್ಡಿಗಳು ಹೋದದ್ದು ಅದಕ್ಕೂ ಮೊದಲು. ಚಿತ್ರದ ಒಂದೊಂದು ಬಿಂದುವೂ 30 ಮೀಟರ್ ಅಗಲ. ಹಳ್ಳದ ಪಕ್ಕದ ಕಿರಿದಾದ ಕೆಸರುಪಟ್ಟಿ ಅದರೊಳಗೆ ಸುತ್ತಲಿನ ಕಾಡಿನ ಜೊತೆ ಕಲಸಿಹೋಗುತ್ತದೆ. ಮರದ ಹೊದಿಕೆ ಎಂದರೆ ಕಾಡು ಎಂದಲ್ಲ ಎಂದು ಆ ಜಾಲದವರೇ ಸ್ಪಷ್ಟವಾಗಿ ಹೇಳುತ್ತಾರೆ, ಆದ್ದರಿಂದ ತಪ್ಪು ಅವರದಲ್ಲ. ಅಮೆಜಾನಿನಲ್ಲಿ ಸಾವಿರಾರು ಎಕರೆ ಬೋಳಾಗುವುದನ್ನು ಹಿಡಿಯಲು ಅದು ಸಮರ್ಥ ಸಾಧನ. ಜಡ್ಡಿಗೆ ಅದು ತಕ್ಕುದಲ್ಲ.

ಭೂವೀಕ್ಷಣೆಯ ದತ್ತಾಂಶಗಳನ್ನೆಲ್ಲ ಒಟ್ಟಿಗೆ ಹುಡುಕಲು ಜಿಯೋಸ್ ಎಂಬ ಇನ್ನೊಂದು ವ್ಯವಸ್ಥೆಯೂ ಇದೆ. ಅದನ್ನೂ ತೆರೆದು ನೋಡಿದೆ. ಅದು ತಂತ್ರಜ್ಞರಿಗಾಗಿ ಇರುವಂಥದ್ದು, ಪಂಚಾಯಿತಿಯ ಮಟ್ಟದ ಪ್ರಶ್ನೆಗೆ ಅಲ್ಲ ಎಂದು ಅರ್ಧ ದಿನದಲ್ಲಿ ಬಿಟ್ಟೆ.

ನಿಮ್ಮ ಪಂಚಾಯಿತಿಯ ದಾಖಲಾತಿಗೆ ಯಾವುದನ್ನು ಬಳಸಲಿ ಎಂದು ಕೇಳಿದರೆ ನನ್ನ ಉತ್ತರ ಹೀಗಿದೆ. ಮೊದಲು ಜಿಬಿಫ್‌ನಲ್ಲಿ ಹೆಸರುಗಳನ್ನೆಲ್ಲ ಕಲೆಹಾಕಿ, ಆ ಹೆಸರುಗಳನ್ನು ಹಿಡಿದು ಹೆರಿಟೇಜ್ ಲೈಬ್ರರಿಗೆ ಹೋಗಿ. ಅದೇ ಕ್ರಮದಲ್ಲಿ ಹೋಗಬೇಕು, ತಿರುಗಿಸಿದರೆ ಅರ್ಧ ಹೆಸರುಗಳು ತಪ್ಪಿಹೋಗುತ್ತವೆ. ಐನ್ಯಾಚುರಲಿಸ್ಟ್‌ಗೆ ನೀವೇ ಚಿತ್ರ ಕೊಡುವವರಾಗಿ, ಅಲ್ಲಿಂದ ಪಡೆಯುವುದಕ್ಕಿಂತ ಕೊಡುವುದರಲ್ಲಿ ಹೆಚ್ಚು ಫಲವಿದೆ. ಆದರೆ ಈ ನಾಲ್ಕರಲ್ಲಿ ಯಾವುದೂ ‘ನೀವು ಕೇಳುತ್ತಿರುವುದು ಇದಲ್ಲ, ಅದು’ ಎಂದು ನನ್ನನ್ನು ತಿದ್ದಲಿಲ್ಲ. ಜಡ್ಡಿ ಎಂಬ ಪದವನ್ನು ಕನ್ನಡದಲ್ಲಿ ಬರೆದರೂ ರೋಮನ್ ಲಿಪಿಯಲ್ಲಿ ಬರೆದರೂ ನನಗೆ ಬೇಕಾದದ್ದು ಬರಲಿಲ್ಲ. ವೇಗದಲ್ಲಿ, ವಿಸ್ತಾರದಲ್ಲಿ ಇನ್ಫೋಟೆರಾ ಇವುಗಳ ಹತ್ತಿರವೂ ಸುಳಿಯಲಾರದು. ಆದರೂ ಪ್ರತಿ ದೇಶದಲ್ಲಿ ಪ್ರಶ್ನೆಯನ್ನು ಓದಿ, ಯಾರಿಗೆ ಗೊತ್ತಿದೆ ಎಂದು ಯೋಚಿಸಿ ಕಾಗದ ಬರೆಯುವ ಒಬ್ಬ ಮನುಷ್ಯನಿದ್ದ ವ್ಯವಸ್ಥೆ ಇವುಗಳ ಪಕ್ಕದಲ್ಲಿ ಉಳಿಯಬೇಕಿತ್ತು. ಅದು ಹೋದದ್ದು ನನಗೆ ನಿಜವಾದ ನಷ್ಟವಾಗಿ ಕಾಣುತ್ತದೆ.

ಹುಡುಕಾಟದ ಕೊನೆಯಲ್ಲಿ ಹೊಳೆದ ದಾರಿಯೊಂದು ಯಾವ ಜಾಲದಲ್ಲೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಜಡ್ಡಿ ಎಂಬ ಪದ ಊರುಗಳ, ಗದ್ದೆಗಳ ಹೆಸರಿನಲ್ಲೇ ಉಳಿದಿದೆ. ಶಿರಸಿ ತಾಲ್ಲೂಕಿನಲ್ಲಿ ಜಡ್ಡಿಗದ್ದೆ ಎಂಬ ಊರೇ ಇದೆ. ಎಲ್ಲ ಜಡ್ಡಿಯೂ ರಾಂಪತ್ರೆ ಜಡ್ಡಿ ಆಗಿರಲಿಲ್ಲ, ಅದು ನನಗೆ ಗೊತ್ತು. ಆದರೂ ಪಂಚಾಯಿತಿಯ ಹಳೆಯ ನಕಾಶೆಯಲ್ಲಿ ಜಡ್ಡಿ ಎಂದು ಕೊನೆಗೊಳ್ಳುವ, ಜಡ್ಡಿಯಿಂದ ಶುರುವಾಗುವ ಹೆಸರುಗಳಿಗೆಲ್ಲ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದೆ. ಹದಿನೇಳು ಜಾಗಗಳಾದವು. ಮಳೆ ಕಡಿಮೆಯಾದ ಕೂಡಲೇ ಶಾಲೆಯ ಮಕ್ಕಳನ್ನೂ ಇಬ್ಬರು ಹಿರಿಯರನ್ನೂ ಕರೆದುಕೊಂಡು ಮೊದಲನೆಯ ಗುರುತಿನ ಕಡೆ ಹೊರಡುತ್ತೇವೆ. ಈಗ ಅಲ್ಲಿರುವುದು ಅಡಿಕೆ ತೋಟ. ತೋಟದ ಕೆಳಗಿನ ಹಳ್ಳದಲ್ಲಿ ಎರಡು ಮರಗಳು ಇನ್ನೂ ಮೊಣಕಾಲೂರಿ ನಿಂತಿವೆ ಎಂದು ತೋಟದ ಯಜಮಾನರು ಹೇಳಿದ್ದಾರೆ.