ಅಳಿವೆ ಬಾಗಿಲಿನಲ್ಲಿ ತೈಲ ಸೋರಿಕೆಯ ಅಣಕು ಕಾರ್ಯಾಚರಣೆ: ಒಂದು ವಿಮರ್ಶೆ

ಕಳೆದ ಜನವರಿಯಲ್ಲಿ ನಮ್ಮ ಊರಿನ ಅಳಿವೆ ಬಾಗಿಲಿನಲ್ಲಿ, ಅಂದರೆ ಹೊಳೆ ಸಮುದ್ರ ಸೇರುವಲ್ಲಿ, ಜಿಲ್ಲಾಡಳಿತದ ಉಸ್ತುವಾರಿಯಲ್ಲಿ ತೈಲ ಸೋರಿಕೆಯ ಅಣಕು ಕಾರ್ಯಾಚರಣೆ ನಡೆಯಿತು. ಊರಿನ ಹೆಸರನ್ನಾಗಲಿ, ಪಕ್ಕದ ತೈಲ ದಾಸ್ತಾನು ಘಟಕದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಊಟ ಮಾಡಿದ ಹೋಟೆಲಿಗೆ ಅಂಕ ಕೊಡುವ ನಾವು ತೆರಿಗೆ ಕಟ್ಟಿ ಪಡೆಯುವ ಇಂಥ ಸೇವೆಯ ಗುಣಮಟ್ಟವನ್ನೂ ಒಮ್ಮೆ ಅಳೆದು ನೋಡುವುದು ತಪ್ಪಲ್ಲವೆಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಇದು ಅಧಿಕಾರಿಗಳು ಮನಸ್ಸು ಬಂದಾಗ ಏರ್ಪಡಿಸುವ ಕಾರ್ಯಕ್ರಮವಲ್ಲ. ಅಪಾಯಕಾರಿ ರಾಸಾಯನಿಕಗಳ ಕುರಿತ 1989ರ ಕೇಂದ್ರ ನಿಯಮಗಳ ಪ್ರಕಾರ ಘಟಕದ ಆವರಣದೊಳಗಿನ ತುರ್ತು ಯೋಜನೆ ಮಾಲೀಕರ ಹೊಣೆಯಾದರೆ, ಬೇಲಿಯ ಹೊರಗಿನದು ಜಿಲ್ಲಾಡಳಿತದ ಹೊಣೆ. ಒಳಗಿನದರ ತಾಲೀಮು ಆರು ತಿಂಗಳಿಗೊಮ್ಮೆಯೂ ಹೊರಗಿನದರ ತಾಲೀಮು ವರ್ಷಕ್ಕೊಮ್ಮೆಯೂ ನಡೆಯಲೇಬೇಕು. ಸಮುದ್ರಕ್ಕೆ ಬಿದ್ದ ಎಣ್ಣೆಯನ್ನು ಕರಾವಳಿ ಕಾವಲು ಪಡೆ ನೋಡಿಕೊಳ್ಳುತ್ತದೆ, ಆದರೆ ದಡಕ್ಕೆ ಬಂದ ಎಣ್ಣೆಯನ್ನು ಬಳಿದು ತೆಗೆಯುವ ಕೆಲಸ ರಾಜ್ಯ ಸರ್ಕಾರದ್ದು, ಎಂದರೆ ಕೊನೆಗೆ ಸ್ಥಳೀಯ ಆಡಳಿತದ್ದು.

ಸಮಯಪಾಲನೆಗೆ ಪೂರ್ಣ ಅಂಕ ಕೊಡಬಹುದು. ಹತ್ತು ಗಂಟೆಗೆ ಸೈರನ್ ಕೂಗಿತು, ಅಗ್ನಿಶಾಮಕ ವಾಹನವೂ ಆಂಬುಲೆನ್ಸೂ ತಡಮಾಡದೆ ಬಂದವು, ವೈರ್‌ಲೆಸ್ ಮಾತುಕತೆ ಸ್ಪಷ್ಟವಾಗಿತ್ತು. ಕೊಳವೆ ಒಡೆದು ಎಣ್ಣೆ ಹೊಳೆಗೆ ಇಳಿದಿದೆ ಎಂಬುದು ಅಂದಿನ ಕಲ್ಪನೆ. ಎಣ್ಣೆಯ ಬದಲಿಗೆ ಎರಡು ಮೂಟೆ ಭತ್ತದ ಉಮಿಯನ್ನು ನೀರಿಗೆ ಸುರಿದಿದ್ದರು. ಕಿತ್ತಳೆ ಬಣ್ಣದ ತೇಲುವ ತಡೆಯನ್ನು, ಅವರ ಮಾತಿನಲ್ಲಿ ಬೂಮ್ ಅನ್ನು, ಎರಡು ದೋಣಿಗಳವರು ಹೊಳೆಗೆ ನೇರ ಅಡ್ಡಲಾಗಿ ಎಳೆದು ಕಟ್ಟಿದರು. ಆಗ ಇಳಿತದ ಸೆಳೆತ ಜೋರಾಗಿತ್ತು. ಬೂಮ್ ಸಮುದ್ರದ ಕಡೆಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಉಮಿ ಅದರ ಅಡಿಯಿಂದ ನುಸುಳಿ ಆಚೆಗೆ ತೇಲತೊಡಗಿತು. ನನ್ನ ಪಕ್ಕದಲ್ಲಿದ್ದ ಹಿರಿಯ ಮೀನುಗಾರರೊಬ್ಬರು, "ಮಾಸ್ಟ್ರೇ, ಅಡ್ಡ ಕಟ್ಟಿದರೆ ನಿಲ್ಲುವುದುಂಟಾ? ಬಲೆಯ ಹಾಗೆ ಓರೆ ಕಟ್ಟಬೇಕು" ಎಂದರು. ಅವರು ಹೇಳಿದ್ದು ಶಾಸ್ತ್ರಕ್ಕೂ ಸರಿ: ನೀರಿನ ವೇಗ ಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್ ದಾಟಿದರೆ ನೇರ ಅಡ್ಡ ಕಟ್ಟಿದ ತಡೆಯ ಅಡಿಯಿಂದ ಎಣ್ಣೆ ಜಾರಿಹೋಗುತ್ತದೆ, ಓರೆಯಾಗಿ ಕಟ್ಟಿ ಅದನ್ನು ದಡದತ್ತ ತಿರುಗಿಸಬೇಕು. ಈ ಮಾತನ್ನು ಕೇಳಿ ಬರೆದುಕೊಳ್ಳುವವರು ಯಾರೂ ಅಲ್ಲಿರಲಿಲ್ಲ. ವರದಿಯಲ್ಲಿ ಕಾರ್ಯಾಚರಣೆ ಯಶಸ್ವಿ ಎಂದಾಯಿತು.

ಜನವರಿಯ ಆಯ್ಕೆಯೂ ನನಗೆ ಸರಿ ಕಾಣಲಿಲ್ಲ. ಓಷನ್ ಸೆರಾಯಾ ಹಡಗು ಕಾರವಾರದ ಎದುರು ಬಂಡೆಗೆ ಸಿಕ್ಕಿ ಅದರ ಇಂಧನ ತೈಲ ದಕ್ಷಿಣ ಗೋವಾದ ದಡದವರೆಗೆ ಹರಡಿದ್ದು 2006ರ ಮೇ 30ರ ಅವಘಡದಿಂದ. ಉಳ್ಳಾಲದ ಎದುರು ಪ್ರಿನ್ಸೆಸ್ ಮಿರಾಲ್ ಮುಳುಗಿ, 15 ಸಿರಿಯಾ ನಾವಿಕರನ್ನು ಕರಾವಳಿ ಕಾವಲು ಪಡೆ ಪಾರುಮಾಡಿ, ಅದರೊಳಗಿನ ಎಣ್ಣೆ ಎತ್ತ ಬರುವುದೋ ಎಂದು ಊರೂರೇ ಕಾದದ್ದು 2022ರ ಜೂನ್‌ನಲ್ಲಿ. ನಾಡದೋಣಿಯೂ ಇಳಿಯಲಾಗದ ಮಳೆಗಾಲದ ಅಬ್ಬರದಲ್ಲಿ ಏನು ಮಾಡಬಹುದೆಂಬುದನ್ನು ಅಲೆಗಳ ಅಬ್ಬರವಿಲ್ಲದ ಜನವರಿಯ ನೀರು ಕಲಿಸುವುದಿಲ್ಲ. ಜೂನ್‌ನಲ್ಲಿ ದೋಣಿ ಇಳಿಸಿ ತಾಲೀಮು ಮಾಡಿರೆಂದು ಯಾರೂ ಹೇಳಲಾರರು. ದಡದ ಮೇಲಿನ ಅರ್ಧ ಭಾಗವನ್ನಾದರೂ, ಅಂದರೆ ಮರಳು ಬಳಿಯುವುದು, ಎಣ್ಣೆ ಮೆತ್ತಿದ ಕಸವನ್ನು ಎಲ್ಲಿ ಸುರಿಯುವುದು, ಯಾರಿಗೆ ಕೈಗವಸು ಎಂಬುದನ್ನಾದರೂ, ಮಳೆಯಲ್ಲಿ ನಿಂತು ಮಾಡಿ ನೋಡಬಹುದಿತ್ತು.

ಎಲ್ಲಕ್ಕಿಂತ ಕಡಿಮೆ ಅಂಕ ಪಂಚಾಯತ್ ಭಾಗಕ್ಕೆ. 1996ರ ರಾಸಾಯನಿಕ ಅವಘಡಗಳ ನಿಯಮಗಳು ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಸಮಿತಿಯೊಂದನ್ನು ವಿಧಿಸಿ, ಅದು ತಿಂಗಳಿಗೊಮ್ಮೆ ಸೇರಬೇಕೆಂದು ಹೇಳಿ, ಗ್ರಾಮ ಪಂಚಾಯತ್ ಪ್ರತಿನಿಧಿಗೂ ಸ್ಥಳೀಯ ವೈದ್ಯರಿಗೂ ಸಮಾಜ ಸೇವಕರಿಗೂ ಸ್ಥಳೀಯ ಪತ್ರಿಕೆಯ ಸಂಪಾದಕರಿಗೂ ಅದರಲ್ಲಿ ಜಾಗ ಕೊಟ್ಟಿವೆ. ನೆರೆಹೊರೆಯವರಿಗೆ ತಿಳಿವಳಿಕೆ ಕೊಡಲು ಘಟಕಗಳಿಗೆ ನೆರವಾಗುವುದೂ ಇದೇ ಸಮಿತಿಯ ಕೆಲಸ. ನಮ್ಮ ಪಂಚಾಯತ್ ಅಧ್ಯಕ್ಷೆಯನ್ನು ನಾನು ಕೇಳಿದಾಗ, ಹೀಗೊಂದು ಸಮಿತಿ ಇರುವುದನ್ನು ಅವರು ಮೊದಲ ಬಾರಿಗೆ ನನ್ನಿಂದಲೇ ಕೇಳಿದರು. ಅಂದು ಅವರಿಗೆ ದೊರೆತದ್ದು ಶಾಮಿಯಾನದಡಿ ಒಂದು ಕುರ್ಚಿ ಮತ್ತು ಒಂದು ಹೂಗುಚ್ಛ. ಕರಪತ್ರವನ್ನೇನೋ ಹಂಚಿದರು, ಅಚ್ಚು ಚೆನ್ನಾಗಿತ್ತು. ಎಣ್ಣೆ ಬಂದರೆ ಮೀನು, ಮರುವಾಯಿ (ಹೊಳೆಯ ತಳದಲ್ಲಿ ಸಿಗುವ ಚಿಪ್ಪುಮೀನು) ತಿನ್ನಬಹುದೇ, ಎಷ್ಟು ದಿನ ಬಿಡಬೇಕು, ಅದನ್ನು ಯಾರು ಹೇಳುತ್ತಾರೆ ಎಂಬುದು ಮಾತ್ರ ಅದರಲ್ಲಿರಲಿಲ್ಲ.

ಐದಕ್ಕೆ ಎರಡು ಅಂಕ ಕೊಡುತ್ತೇನೆ, ಎರಡೂ ಅಗ್ನಿಶಾಮಕ ಸಿಬ್ಬಂದಿಗೆ. ಕಾರ್ಯಸೂಚಿಯ ಪ್ರಕಾರ ಸಂಜೆ ನಾಲ್ಕರವರೆಗೂ ಹೊಳೆಯಲ್ಲಿ ಎಣ್ಣೆಯಿತ್ತು. ಹನ್ನೆರಡಕ್ಕೆ ಶಾಮಿಯಾನ ಬಿಚ್ಚುವಾಗ, ನೀರು ಇನ್ನೂ ತಗ್ಗಿದ್ದರಿಂದ, ಬುಟ್ಟಿ ಹಿಡಿದ ನಾಲ್ವರು ಹೆಂಗಸರು ಉಮಿಯನ್ನು ಕೈಯಿಂದ ಸರಿಸುತ್ತ ಮರುವಾಯಿ ಹೆಕ್ಕಲು ಸೊಂಟದವರೆಗೆ ಇಳಿದಿದ್ದರು.